ಕರಾಳಸೇನನ ಕೆನ್ನೆಯ ಗಾಯ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಪೀರಪ್ಪನ ಫೋಟೋ ಸ್ಟುಡಿಯೋ ಇದ್ದ ಕಾಲದಲ್ಲಿ, ವರನ ಕಡೆಗೆ ಕಳಿಸುವ ಹುಡುಗಿಯರ ಫೋಟೋ ಎಂದರೆ ಅವನೇ ತೆಗೆಯಬೇಕು. ಮೊಡವೆ, ಸಿಡುಬು, ಸುಟ್ಟ ಕಲೆ, ಏನಿದ್ದರೂ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮಾಯ ಮಾಡುತ್ತಿದ್ದ.

ಸ್ಟುಡಿಯೋ ಮುಚ್ಚಿ ಕಮಲಾಪುರ ಸೇರಿದವನಿಗೆ ಈಗ ಮಗಳು ಕಾವೇರಿ ಕೆಲಸ ಹಚ್ಚಿದ್ದಳು. ಅವಳು ಬರೆಯುತ್ತಿದ್ದ ಕಾಮಿಕ್ಸ್ ಪುಸ್ತಕದ ಖಳನಾಯಕ ಕರಾಳಸೇನ. ಎದೆಯವರೆಗಿನ ಅವನ ಗೊಂಬೆಗೆ ಬಣ್ಣ ಹಚ್ಚಿ, ಮುಖಪುಟಕ್ಕೆ ಫೋಟೋ ತೆಗೆದುಕೊಡಬೇಕಿತ್ತು.

ಪೀರಪ್ಪ ಹುರುಪಿನಿಂದ ಹಸಿರು ಮುಖ, ಕೆಂಪು ಕಣ್ಣು ಬರೆದ. ಸ್ಟುಡಿಯೋದ ಹಳೆಯ ಪರದೆ ಕಟ್ಟಿದ. "ಗದ್ದ ಸ್ವಲ್ಪ ಮ್ಯಾಲ ಮಾಡಪಾ" ಎಂದು ಗೊಂಬೆಗೇ ಹೇಳಿ ಫೋಟೋ ತೆಗೆದ.

ಫೋಟೋ ನೋಡಿ ಕಾವೇರಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಕೆನ್ನಿ ಮ್ಯಾಲಿನ ಕತ್ತಿ ಗಾಯ ಎಲ್ಲಿ? ಅದರ ಸಲುವಾಗೇ ಅಂವ ಊರ ಮ್ಯಾಲ ಹಗಿ ಸಾಧಸ್ತಾನ!"

ಬಣ್ಣ ಹಚ್ಚುವ ಮೊದಲು ಗೊಂಬೆಯ ಕೆನ್ನೆಯ ಗಾಯದ ಗೀರಿಗೆ ತಾನೇ, ಗೋಡೆಯ ಬಿರುಕು ಮುಚ್ಚುವ ಪುಟ್ಟಿ ತುಂಬಿ ನುಣ್ಣಗೆ ತಿಕ್ಕಿದ್ದು ಪೀರಪ್ಪನಿಗೆ ಆಗಲೇ ಅರಿವಾದದ್ದು. ಆದರೂ ಸೋಲದೆ ರೇಗಿದ: "ಕಲೆ ಇಟಗೊಂಡು ಯಾರರ ಫೋಟೋ ತೆಗಸ್ತಾರೇನವಾ?"

ಒಳಗಿನಿಂದ ಹೆಂಡತಿ ಭೀಮಬಾಯಿ ಬಂದಳು. ಗೋಡೆಯ ಮೇಲೆ ಅವಳು ಹುಡುಗಿಯಾಗಿದ್ದಾಗ ವರನ ಕಡೆಗೆ ಕಳಿಸಲೆಂದು ತೆಗೆಸಿದ ಫೋಟೋ ಇತ್ತು. ಅದನ್ನು ತೆಗೆದವನೂ ಪೀರಪ್ಪನೇ. ಅದರಲ್ಲಿ ಗದ್ದದ ಮೇಲಿನ ಸುಟ್ಟ ಕಲೆ ಇದ್ದ ಹಾಗೆಯೇ ಇತ್ತು.

"ಮತ್ತ ನಂದ್ಯಾಕ ಅಳಸಲಿಲ್ರೀ?"

ಪೀರಪ್ಪ ಬ್ಲೇಡು ತೆಗೆದುಕೊಂಡು ಗೊಂಬೆಯ ಪುಟ್ಟಿ ಕೆರೆಯತೊಡಗಿದ. ತಲೆ ಎತ್ತದೆಯೇ ಹೇಳಿದ:

"ಅಳಸಿದ್ರ, ಬ್ಯಾರೆ ಯಾರರ ಒಪ್ಪಿಬಿಡ್ತಿದ್ರು."