ಸವಿತಾ ಅರ್ಧಕ್ಕೆ ಬಿಟ್ಟ ಕಾದಂಬರಿ

"ಮನಸ್ಸಿನ್ಯಾಗ ಓದಬ್ಯಾಡವಾ, ಜೋರಾಗಿ ಓದು. ನಮ್ಮ ಸವಿತಾಗೂ ಕೇಳಸಲಿ" ಎಂದರು ಪಕ್ಕದ ಮನೆಯ ಮಾವಶಿ, ನನಗೆ ಚಿಕ್ಕಮ್ಮನಂಥವರು. ನಾನು ಬೆಚ್ಚಿಬಿದ್ದೆ. ಅವರ ಮಗಳು ಸವಿತಾ ತೀರಿಕೊಂಡು ವರ್ಷವಾಗಿತ್ತು.

ಕುಪವಾಡದ ಬೇಸಿಗೆ ಮಧ್ಯಾಹ್ನ ಕಳೆಯಲು ನನಗೆ ಪತ್ತೇದಾರಿ ಕಾದಂಬರಿಗಳೇ ಬೇಕು. ಅಂದು ಮಾವಶಿಯ ಮನೆಗೆ ಹೋಗಿ ಸವಿತಾಳ ಕಪಾಟಿನಿಂದ ತೆಗೆದದ್ದು ಅವಳು ಅರ್ಧಕ್ಕೆ ಬಿಟ್ಟಿದ್ದ ಪುಸ್ತಕ. ಪುಟದ ಮೂಲೆ ಇನ್ನೂ ಮಡಚಿಯೇ ಇತ್ತು. ಅಲ್ಲಿಂದಲೇ ಜೋರಾಗಿ ಓದುತ್ತಾ ಹೋದೆ. ಕೊಲೆ ಮಾಡಿದವನು ಮನೆಯ ಡಾಕ್ಟರೇ ಎಂಬ ಸಾಲು ಬಂದದ್ದೇ ತಡ, ಮಾವಶಿ ನನ್ನ ಬೆನ್ನ ಹಿಂದಿದ್ದ ಖಾಲಿ ಮಂಚದ ಕಡೆ ನೋಡಿ ನಕ್ಕರು.

"ನೀ ಅಂದಿದ್ದೇ ಖರೇ ಆತು ನೋಡು, ಸವಿ!"

ಹಿಂತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಆ ಬೇಸಿಗೆಯಲ್ಲಿ ಇನ್ನೂ ಹಲವು ಕಾದಂಬರಿ ಓದಿದೆ. ಆದರೆ ಒಬ್ಬಳೇ ಓದುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಲಿಲ್ಲ.