ಹೊರಗಿನಿಂದ ಹಾಕಿದ ಬೀಗ

ಹೋದ ವಾರ ಮದುವೆಯೊಂದಕ್ಕೆಂದು ಕಪಾಟಿನ ತಳದಿಂದ ಹಳೆಯ ರೇಷ್ಮೆ ಸೀರೆ ತೆಗೆದೆ. ನುಸಿಗುಳಿಗೆಯ ವಾಸನೆಯ ಜೊತೆಗೆ ಅಂಚಿನ ಫಾಲ್ ಕೈಗೆ ಸಿಕ್ಕಿತು. ಹೊಲಿಗೆ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿಕೊಂಡು ಹುಡುಕಬೇಕು. ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ಮದುವೆಗೆ ಬೇರೆ ಸೀರೆ ಉಟ್ಟು ಹೋದೆ.

ಆ ಫಾಲ್ ಹಚ್ಚಿಸಿದಾಗ ನಾವು ಮುಂಬಯಿಯ ಜೋಗೇಶ್ವರಿಯಲ್ಲಿದ್ದೆವು. ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿ ವಿಜಯಪುರದ ಕಡೆಯ ಹೆಂಗಸೊಬ್ಬಳು ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದಳು. ಗಂಡ ತೀರಿಹೋಗಿದ್ದ; ಇದ್ದವಳು ಒಬ್ಬಳೇ ಮಗಳು. ನನ್ನ ಮೈಸೂರು ಕನ್ನಡ ಕೇಳಿದರೆ ಆಕೆಗೆ ನಗು. "ಅಕ್ಕಾರ, ನೀವು ಮಾತಾಡೂದು ರೇಡಿಯೋದಾಗ ಹೇಳಿದಂಗ ಐತ್ರಿ" ಎನ್ನುತ್ತಿದ್ದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೆ ಆಕೆ ಆಡಿಕೊಂಡರೆ ಯಾಕೋ ಸಿಟ್ಟು ಬರುತ್ತಿರಲಿಲ್ಲ.

ಮಗಳು ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ನೇಲ್ ಪಾಲಿಶ್ ಬಾಟಲಿ ಪ್ಯಾಕ್ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲಿ ಬೆಂಕಿ ಬಿತ್ತು. ತಾಯಿ ಊಟದ ಡಬ್ಬಿ ಹಿಡಿದು ಹೋದಾಗ ಬಾಗಿಲಿನ ಸಂದಿಯಿಂದ ಹೊಗೆ ಬರುತ್ತಿತ್ತು. ಹುಡುಗಿಯರು ಕೆಲಸ ಬಿಟ್ಟು ಓಡಾಡಬಾರದೆಂದು ಮಾಲೀಕ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಆಕೆ ಆ ಬೀಗವನ್ನು ಕೈಯಿಂದ ಎಳೆದಳು, ಕಲ್ಲಿನಿಂದ ಜಜ್ಜಿದಳು... ಅಂಗೈಯ ಸುಟ್ಟ ಕಲೆ ಕೊನೆಯವರೆಗೂ ಉಳಿದಿತ್ತು. ಮಗಳು ಬದುಕಲಿಲ್ಲ.

ಮಾಲೀಕ ಭಾರೀ ಕುಳ. ಬೀಗ ಇರಲೇ ಇಲ್ಲ, ಬಾಗಿಲು ಸಿಕ್ಕಿಹಾಕಿಕೊಂಡಿತ್ತು ಎಂದು ಅವನ ವಾದ. ಬೀಗವಂತೂ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಅದನ್ನು ಮುಟ್ಟಿದ್ದೆನೆಂದು ಹೇಳುವವಳು ಆಕೆಯೊಬ್ಬಳೇ. ಬೀಗವಿತ್ತೆಂದು ಕೋರ್ಟು ನಂಬಿದರೆ ಅವನಿಗೆ ವರ್ಷಗಟ್ಟಲೆ ಜೈಲು. ಇಲ್ಲವಾದರೆ ಬರೀ ಅಜಾಗರೂಕತೆ. ಆಕೆಗೆ ಬೇಕಿದ್ದದ್ದು ಒಂದೇ, ಜಡ್ಜರೆದುರು ನಿಂತು ಆ ಮಾತು ಹೇಳುವುದು.

ನಾನು ಬ್ಯಾಂಕಿನವಳು, ನಾಲ್ಕು ಭಾಷೆ ಬಲ್ಲೆನೆಂಬ ಜಂಬ ಬೇರೆ. ಮರಾಠಿ, ಇಂಗ್ಲಿಷ್ ಆಕೆಗೆ ತಿಳಿಯದೆಂದು ಪೊಲೀಸರ ಕಾಗದದಲ್ಲಿ ನನ್ನ ಫೋನ್ ನಂಬರನ್ನೇ ಬರೆಸಿದೆ. ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಕೋರ್ಟಿನಲ್ಲಿ ಹೇಳಬೇಕಾದದ್ದನ್ನು ಹಿಂದಿಯಲ್ಲಿ ಕಲಿಸತೊಡಗಿದೆ. ಆಕೆಯೋ ಪ್ರತಿ ಸಲವೂ, "ನನ್ನ ಮಗಳು ಪಂಚಮಿ ದಿನ ಹುಟ್ಟಿದಾಕಿ ರೀ..." ಎಂದು ಶುರುಮಾಡುತ್ತಿದ್ದಳು.

"ಅಷ್ಟೆಲ್ಲ ಬೇಡ ಕಣ್ರೀ, ಜಡ್ಜರಿಗೆ ಪುರುಸೊತ್ತಿರಲ್ಲ. ಬೀಗದ್ದು ಮಾತ್ರ ಹೇಳಿ" ಎಂದು ಗದರಿದೆ.

"ಅದರಾಗ ನನ್ನ ಮಗಳು ಎಲ್ಲಿ ಬಂದಳ್ರಿ ಅಕ್ಕಾರ?"

ನಾನು ಮತ್ತೆ ಬೀಗದ ಮಾತಿಗೇ ಎಳೆದು ತಂದೆ. ಕೊನೆಗೆ ಎರಡೇ ವಾಕ್ಯ ಉಳಿದವು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ನಾನು ಕೈಯಿಂದ ಎಳೆದು ನೋಡಿದೆ. ಸೂಜಿ ಓಡಿಸುತ್ತ ಹಿಂದಿಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ಪ್ರತಿ ತಾರೀಖಿಗೂ ಇಸ್ತ್ರಿ ಮಾಡಿದ ಅದೇ ನೀಲಿ ಸೀರೆ ಉಟ್ಟು ಹೋಗಿ, ಕೋರ್ಟಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬರುತ್ತಿದ್ದಳು. ಹೀಗೇ ಒಂದು ತಾರೀಖಿನ ಬೆಳಿಗ್ಗೆ ಸರ್ಕಾರಿ ವಕೀಲರ ಕಚೇರಿಯಿಂದ ನನಗೆ ಫೋನು ಬಂತು. ಬಹಳ ಮರ್ಯಾದೆಯ ದನಿ. ಇವತ್ತು ಏನೂ ನಡೆಯುವುದಿಲ್ಲ, ಪಾಪ ಅವರಿಗೆ ಸುಮ್ಮನೆ ತೊಂದರೆ, ಕಳಿಸಬೇಡಿ ಎಂದ. "ಠೀಕ್ ಹೈ ಸಾಬ್, ಥ್ಯಾಂಕ್ಯೂ" ಎಂದೆ. ಆಕೆಗೆ ಒಂದು ದಿನದ ಸಂಪಾದನೆ ಉಳಿಯಿತೆಂದು ಖುಷಿಯಲ್ಲೇ ಚಾಳಿಗೆ ಹೋದೆ. ಆಕೆ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ಒಳಗೆ ಹೋಗಿ ಸೀರೆ ಬದಲಿಸಿದಳು.

ಮೂರು ವಾರ ಕಳೆದರೂ ಮುಂದಿನ ತಾರೀಖು ತಿಳಿಯಲಿಲ್ಲ. ಇಬ್ಬರೂ ಕೋರ್ಟ್ ಹಾಲಿಗೇ ಹೋದೆವು. ಗುಮಾಸ್ತ ಕಡತ ತಿರುವಿ, "ಯೆ ತೋ ಖತಮ್ ಹೋ ಗಯಾ" ಎಂದ. ನಾನು ಹೋಗಬೇಡಿ ಎಂದ ಅದೇ ದಿನ ಸರ್ಕಾರಿ ವಕೀಲರೂ ಮಾಲೀಕನ ವಕೀಲರೂ ಒಪ್ಪಂದ ಮಾಡಿಕೊಂಡಿದ್ದರು. ದೊಡ್ಡ ಸೆಕ್ಷನ್ ಕೈಬಿಟ್ಟಿದ್ದರು. ಮಾಲೀಕ ಅಜಾಗರೂಕತೆಯನ್ನಷ್ಟೇ ಒಪ್ಪಿಕೊಂಡು, ದಂಡ ಕಟ್ಟಿ, ಸಂಜೆಯೊಳಗೆ ಮನೆ ಸೇರಿದ್ದ. ಆದೇಶದಲ್ಲಿ ಬೀಗದ ಮಾತೇ ಇರಲಿಲ್ಲ. ಇಂಗ್ಲಿಷಿನ ಒಂದು ಸಾಲನ್ನು ಎರಡೆರಡು ಸಲ ಓದಿದೆ. ಮೃತಳ ತಾಯಿಗೆ ಫೋನಿನಲ್ಲಿ ತಿಳಿಸಲಾಗಿದೆ, ಅವರ ಆಕ್ಷೇಪಣೆ ಇಲ್ಲ. ಪಕ್ಕದಲ್ಲಿ ನನ್ನ ನಂಬರು.

ನಾನು ಹೇಳಿದ ಥ್ಯಾಂಕ್ಯೂ ಆಕೆಯ ಒಪ್ಪಿಗೆಯಾಗಿ ಕಾಗದಕ್ಕೆ ಇಳಿದಿತ್ತು.

"ಏನ್ ಬರದಾರ್ರಿ ಅಕ್ಕಾರ?"

ಒಂದನ್ನೂ ಮುಚ್ಚಿಡದೆ ಓದಿ ಹೇಳಿದೆ. ಆಕೆ ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಖಾಲಿ ಕಟಕಟೆಯನ್ನೇ ನೋಡುತ್ತಿದ್ದು, "ನಾ ಒಮ್ಮೆ ಅಲ್ಲಿ ನಿಂತು ಹೇಳಿ ಬರ್ಲೇನ್ರಿ?" ಎಂದಳು. ನಾನು ಅದನ್ನು ಹಿಂದಿಗೆ ತಿರುಗಿಸುವಷ್ಟರಲ್ಲಿ ಗುಮಾಸ್ತ ಊಟಕ್ಕೆ ಎದ್ದು ಹೋಗಿದ್ದ.

ಆಕೆಯನ್ನು ಯಾರೂ ಕೇಳಿಲ್ಲ, ಫೋನಿನಲ್ಲಿ ಮಾತಾಡಿದವಳು ನಾನು ಎಂದು ಅಫಿಡವಿಟ್ ಬರೆದುಕೊಟ್ಟೆ. ಪರಿಚಯದ ವಕೀಲರೊಬ್ಬರು ಮೇಲಿನ ಕೋರ್ಟಿಗೆ ಅರ್ಜಿ ಹಾಕಿದರು. ಅದರ ಸರದಿ ಬರುವ ಮೊದಲೇ, ಎರಡು ದಿನದ ಜ್ವರದಲ್ಲಿ ಆಕೆ ತೀರಿಕೊಂಡಳು. ಕೇಳುವವರಿಲ್ಲದೆ ಅರ್ಜಿಯೂ ಬಿದ್ದುಹೋಯಿತು.

ಈಗ ಘಾಟ್ಕೋಪರಿನಲ್ಲಿದ್ದೇವೆ. ಆಕೆ ಹಚ್ಚಿದ ಫಾಲ್‌ನ ಒಂದು ತುದಿ ಬಿಟ್ಟಿದೆ. ಕೆಳಗಿನ ಅಂಗಡಿಯ ಟೇಲರ್ ಪೂರ್ತಿ ಬಿಚ್ಚಿ ಹೊಸದು ಹಾಕುತ್ತೇನೆಂದ. ಕೊಡದೆ ವಾಪಸು ತಂದೆ. ನಾನು ಕಲಿಸಿದ ಆ ಎರಡು ವಾಕ್ಯ ಇವತ್ತಿಗೂ ನನಗೆ ಬಾಯಿಪಾಠ. ಆದರೆ ಪಂಚಮಿಯ ದಿನ ಹುಟ್ಟಿದ ಆ ಹುಡುಗಿಯ ಬಗ್ಗೆ ತಾಯಿ ಮುಂದೆ ಏನು ಹೇಳುವವಳಿದ್ದಳೋ... ನಾನೂ ಹೇಳಲು ಬಿಡಲಿಲ್ಲ.