ಅಡುಗೆಕೋಣೆಯ ಮೆಟ್ಟಿಲ ಮೇಲಿನ ಅನ್ನ

ಮಕ್ಕಳ ಹೆದರಿಕೆ ಬಿಡಿಸಬೇಕೆಂದು ನನ್ನನ್ನು ಆ ಶಾಲೆಗೆ ಕಳುಹಿಸಿದರು. ನಾನು ಮಣಿಪಾಲದಲ್ಲಿ ಮಕ್ಕಳ ಆಪ್ತ ಸಮಾಲೋಚಕಿ. ಪರ್ಕಳದ ಬಾಡಿಗೆ ಕೋಣೆಯಿಂದ ಹೊರಟು, ಹೆಬ್ರಿಯ ಕಡೆ ಹೋಗುವ ಬಸ್ಸಿನಿಂದಿಳಿದು, ಉಳಿದ ದಾರಿಯನ್ನು ನಡೆದೇ ಮುಗಿಸಬೇಕಿತ್ತು. ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹೊತ್ತಿಕೊಂಡಿತ್ತು. ಮಕ್ಕಳೆಲ್ಲ ತರಗತಿಯಲ್ಲಿದ್ದರು, ಅವರಿಗೇನೂ ಆಗಲಿಲ್ಲ. ಅಡುಗೆಯ ಅಕ್ಕ ಮಾತ್ರ ಹೊರಗೆ ಬರಲಿಲ್ಲ. ಅವರ ಮಗಳು ಅದೇ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದಳು.

ನಾನು ಹೋಗುವಾಗ ಸುಟ್ಟ ಕೋಣೆಯ ಬಾಗಿಲಿಗೆ ಹಲಗೆ ಹೊಡೆದಿದ್ದರು. ಊಟ ಪಕ್ಕದೂರಿನ ಶಾಲೆಯಿಂದ ರಿಕ್ಷಾದಲ್ಲಿ ಬರುತ್ತಿತ್ತು. ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದರು, ಉಣ್ಣುತ್ತಿರಲಿಲ್ಲ. ಯಾಕೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಒಂದನೆಯ ತರಗತಿಯ ಚಿಕ್ಕವಳೊಬ್ಬಳು ಬಾಯಿಬಿಟ್ಟಳು. ಸುಟ್ಟ ಕೋಣೆಯ ಮೆಟ್ಟಿಲಲ್ಲಿ ದಿನಾ ಅನ್ನ ಇರುತ್ತದಂತೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ಅಕ್ಕನ ಕ್ರಮ. ಆ ದಿನ ಅವರು ಉಣ್ಣದೆ ಹೋದರು. ಈಗ ಕುಲೆಯಾಗಿ ಬಂದು ಉಣ್ಣುತ್ತಾರಂತೆ. ಸತ್ತವರ ಪ್ರೇತಕ್ಕೆ ಇಲ್ಲಿಯವರು ಕುಲೆ ಎನ್ನುತ್ತಾರೆ.

ನಾನು ಹೋಗಿ ನೋಡಿದೆ. ಅನ್ನ ಇತ್ತು. ಮಸಿ ಹಿಡಿದ ಮೆಟ್ಟಿಲ ಮೇಲೆ, ಗುಡ್ಡದಲ್ಲಿ ಬೆಳೆಯುವ ಉಪ್ಪಳಿಗೆಯ ಒಂದು ಅಗಲ ಎಲೆಯಲ್ಲಿ ಹಿಡಿಯಷ್ಟು, ಪಕ್ಕದಲ್ಲಿ ಸ್ವಲ್ಪ ಸಾಂಬಾರು. ಮಟಮಟ ಮಧ್ಯಾಹ್ನದಲ್ಲಿ ನನ್ನ ಬೆನ್ನು ತಣ್ಣಗಾಯಿತು. ಹಾಗಾಯಿತಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಊರಿನವರು ಸುಮ್ಮನಿರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರು ಉಚ್ಚಾಟನೆ ಮಾಡಿಸುವ ಮಾತೆತ್ತಿದರು. ಮಾಡಿಸದಿದ್ದರೆ ಮಕ್ಕಳನ್ನು ಶಾಲೆ ಬಿಡಿಸುತ್ತೇವೆಂದು ಕೆಲವು ತಂದೆತಾಯಂದಿರು ಹೇಳಿದರು. ನಾನು ಕೆರಳಿದೆ. ಮೊದಲೇ ಹೆದರಿದವರ ಮೇಲೆ ಹಾವು ಎಸೆಯುತ್ತೀರಾ ಎಂದು ಸಭೆಯಲ್ಲಿಯೇ ಕೇಳಿಬಿಟ್ಟೆ. ಪ್ರತಿವರ್ಷ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ದಿನ, ಶಿರ್ವದ ಇಗರ್ಜಿಯ ಸಮಾಧಿಗಳ ನಡುವೆ ನಿಂತು ಅಪ್ಪನಿಗೆ ಮೇಣದಬತ್ತಿ ಹಚ್ಚುವವಳು ನಾನೇ. ಆದರೆ ಆ ದಿನ ಅದು ನೆನಪಾಗಲಿಲ್ಲ. ಮರುದಿನ ಎಲ್ಲ ಮಕ್ಕಳನ್ನೂ ಕೂರಿಸಿ ಕುಲೆ ಗಿಲೆ ಏನೂ ಇಲ್ಲವೆಂದೂ, ಆ ಅನ್ನ ಮನುಷ್ಯರೇ ಇಟ್ಟದ್ದೆಂದೂ ವಿವರಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆಯನ್ನೂ ಸೇರಿಸಿದೆ. ಮಧ್ಯಾಹ್ನ ಮಕ್ಕಳು ಉಂಡರು, ಕೆಲವರು ಎರಡನೆಯ ಸಲ ಬಡಿಸಿಕೊಂಡರು. ನನಗೆ ಬಹಳ ಹೆಮ್ಮೆಯಾಯಿತು.

ಕೈ ತೊಳೆಯುವ ನಳ್ಳಿಯ ಹತ್ತಿರ ಅಕ್ಕನ ಮಗಳು ನನಗಾಗಿ ಕಾಯುತ್ತಿದ್ದಳು. ಅವಳ ತಟ್ಟೆಯಲ್ಲಿ ಅರ್ಧ ಅನ್ನ ಹಾಗೆಯೇ ಇತ್ತು.

"ಟೀಚರ್, ಹಾಗಾದರೆ ಅಮ್ಮ ಇಲ್ಲಿಯೂ ಇಲ್ವಾ?"

ಅವಳೇ ಹೇಳಿದಳು. ಉತ್ತರಕ್ರಿಯೆಯ ರಾತ್ರಿ ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮ ಅವರಲ್ಲಿ ಉಂಟು. ಮಾವ ಹೊಸ್ತಿಲಲ್ಲಿ ನಿಂತು ಕರೆದರಂತೆ, ಬಾಗಿಲು ತೆರೆದಿಟ್ಟರಂತೆ. ಇವಳು ಕಣ್ಣು ಬಿಟ್ಟುಕೊಂಡೇ ಕುಳಿತಿದ್ದಳಂತೆ. ಅಮ್ಮ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಮನೆಗೆ ಬರದಿದ್ದರೆ ಶಾಲೆಯಲ್ಲಿಯೇ ಇರಬೇಕು ಎಂದುಕೊಂಡು ದಿನಾ ತನ್ನ ಪಾಲಿನ ಅರ್ಧ ಅನ್ನವನ್ನು ಮೆಟ್ಟಿಲ ಮೇಲೆ ಇಡುತ್ತಿದ್ದಳು.

"ನಾನು ಶಾಲೆಗೆ ಬರುವುದೇ ಅದಕ್ಕೆ," ಎಂದಳು.

ನಾನು ಎಷ್ಟೋ ಮಕ್ಕಳ ಎದುರು ಕುಳಿತವಳು, ಎಷ್ಟೋ ಮಾತು ಕಲಿತವಳು. ಉಚ್ಚಾಟನೆ ಬೇಡವೆಂದು ಜಗಳಾಡಿದವಳು ಅದನ್ನೇ ಮಾಡಿ ಮುಗಿಸಿದ್ದೆ.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸುಟ್ಟ ಕೋಣೆಯನ್ನು ಕೆಡವಲು ಜನ ಬರುವುದಿತ್ತು. ನಾನು ಅವಳ ಮನೆಗೆ ಹೋದೆ. ಕಲ್ಲುಕೋರೆಯ ಕೆಲಸ ಬಿಟ್ಟು ಮನೆಯಲ್ಲಿಯೇ ಕುಳಿತಿದ್ದ ಅವಳ ತಂದೆ, ಇನ್ನು ಶಾಲೆಗೆ ಹೋಗುವುದಿಲ್ಲವಂತೆ ಎಂದರು. ಅವಳು ಅಂಗಳದ ತುದಿಯಲ್ಲಿ ಬೆನ್ನು ಹಾಕಿ ನಿಂತಿದ್ದಳು.

"ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ ಮಗಾ," ಎಂದೆ. "ಕೋಣೆ ನಾಳೆ ಕೆಡವುತ್ತಾರೆ. ಅಮ್ಮನನ್ನು ಕರೆಯುವುದಾದರೆ ನೀನೇ ಬಂದು ಕರೆ."

ಮರುದಿನ ಅವಳು ಬಂದಳು. ಅಧ್ಯಕ್ಷರು ಬೇಡವೆನ್ನುತ್ತಾರೆಂದು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಬಾಗಿಲಿನ ಹಲಗೆಗಳನ್ನು ತಾವೇ ಕಿತ್ತರು. ಒಳಗಿನಿಂದ ಸುಟ್ಟ ಅಕ್ಕಿಯ ವಾಸನೆ ಬಂತು. ಹುಡುಗಿ ಮೆಟ್ಟಿಲ ಕೆಳಗೆ ನಿಂತು ತುಳುವಿನಲ್ಲಿ, ದಿನದ ಮಾತು ಆಡುವ ದನಿಯಲ್ಲಿಯೇ ಕರೆದಳು. ಅಮ್ಮ, ಬಾ, ಇಲ್ಲಿ ಇನ್ನು ಅಡುಗೆ ಇಲ್ಲ, ಎಲ್ಲರೂ ಉಂಡರು, ಮನೆಗೆ ಹೋಗುವ ಎಂದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಗೇಟು ದಾಟಿ ಹೊರಟಳು.

ನಾನು ಹಿಂದೆ ಹಿಂದೆ ನಡೆದೆ. ಕಿರಿದಾದ ಮಣ್ಣುದಾರಿ. ಅವಳು ಮಧ್ಯದಲ್ಲಿ ನಡೆಯದೆ ಒಂದು ಬದಿಯ ಹುಲ್ಲನ್ನು ತುಳಿಯುತ್ತ, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಹೋಗುತ್ತಿದ್ದಳು. ಒಮ್ಮೆಯೂ ಹಿಂದೆ ತಿರುಗಲಿಲ್ಲ. ತಿರುವಿನ ಹತ್ತಿರ ಹಿಂದಿನಿಂದ ಒಂದು ರಿಕ್ಷಾ ಬಂದು, ಆ ಖಾಲಿ ಜಾಗದಲ್ಲಿ ನುಗ್ಗಲು ಹಾರ್ನ್ ಹೊಡೆಯಿತು. ನಾನು ದಾರಿಯ ನಡುವೆ ನಿಂತು ಎರಡೂ ಕೈ ಅಡ್ಡ ಹಿಡಿದೆ.

ಚಾಲಕ ತಲೆ ಹೊರಹಾಕಿ, ಎಂತ ಟೀಚರ್, ಒಬ್ಬಳೇ ಹುಡುಗಿ ಅಲ್ವಾ ಎಂದ.

"ಸ್ವಲ್ಪ ನಿಲ್ಲಿ," ಎಂದೆ. "ಇಬ್ಬರೂ ದಾಟಲಿ."